ಜೇಬಮ್ಮ ಒಗೆದ ನಾಣ್ಯಗಳು

ಡಾಕ್ಟರು ಕನ್ನಡಕ ಸರಿಮಾಡಿಕೊಂಡರೆ ನನಗೆ ಅರ್ಧ ಜೀವ ಹೋಗುತ್ತದೆ. ಅವತ್ತು ಅವರು ಎರಡು ಸಲ ಸರಿಮಾಡಿಕೊಂಡರು. ಹಾಗಾಗಿ ನನ್ನಲ್ಲಿ ಏನೂ ಉಳಿದಿರಲಿಲ್ಲ.

ಪರದೆಯ ಮೇಲೆ ನನ್ನ ಮಗಳ ಹೊಟ್ಟೆಯಿತ್ತು. ಎರಡೂವರೆ ವರ್ಷದ ಹೊಟ್ಟೆ. ಪಕ್ಕೆಲುಬುಗಳು ಬಾಚಣಿಗೆಯ ಹಲ್ಲಿನಷ್ಟು ಸಣ್ಣಗೆ. ಅವುಗಳ ಕೆಳಗೆ ಬೆಳ್ಳಗೆ, ದುಂಡಗೆ ಒಂದು ಬಿಲ್ಲೆ. ಬಿಲ್ಲೆಯ ಅಂಚಿನಿಂದ ಸ್ವಲ್ಪ ಒಳಗೆ, ಬಳೆಯೊಳಗೆ ಬಳೆ ಇಟ್ಟಂತೆ, ಇನ್ನೊಂದು ಸುತ್ತು.

"ಎರಡು ಸುತ್ತು ಕಾಣ್ತಿದೆ ನೋಡಿ," ಎಂದರು ಡಾಕ್ಟರು. ಇನ್ನೂ ಮೀಸೆ ಸರಿಯಾಗಿ ಮೂಡಿರದ ಎಳೆಯ ಡಾಕ್ಟರು. "ನಾಣ್ಯ ಆದ್ರೆ ಸಾಮಾನ್ಯವಾಗಿ ಒಂದೇ ಸುತ್ತು ಇರುತ್ತೆ. ಬಟನ್ ಸೆಲ್ ಆದ್ರೆ, ಅದೇ ಕೈಗಡಿಯಾರದ ಬಿಲ್ಲೆ ಬ್ಯಾಟರಿ, ಹೀಗೆ ಎರಡು. ಮನೇಲಿ ಬಟನ್ ಸೆಲ್ ಏನಾದ್ರೂ ಕಾಣ್ತಿಲ್ವಾ?"

"ಕಾಣ್ತಿಲ್ಲ. ತೂಕದ ಯಂತ್ರದ್ದು."

"ನಾಣ್ಯ?"

"ಅದೂ ಕಾಣೆಯಾಗಿರಬಹುದು."

"ಮನೇಲಿ ಎಷ್ಟು ನಾಣ್ಯ ಇತ್ತು, ಈಗ ಎಷ್ಟಿದೆ, ಏನಾದ್ರೂ ಅಂದಾಜು?"

"ಹನ್ನೊಂದು ಕಿಲೋ ಇದೆ ಡಾಕ್ಟ್ರೇ."

ಅವರು ಮೂರನೆಯ ಸಲ ಕನ್ನಡಕ ಸರಿಮಾಡಿಕೊಂಡರು.

ವಿಷಯ ಇಷ್ಟು. ನಾಣ್ಯವಾದರೆ, ಅದು ಆಗಲೇ ಹೊಟ್ಟೆಗೆ ಇಳಿದಿದ್ದರಿಂದ, ಹೆಚ್ಚಾಗಿ ತಾನೇ ದಾರಿ ಹುಡುಕಿಕೊಂಡು ಹೊರಗೆ ಬರುತ್ತದೆ. ಸೆಲ್ ಆದರೆ ಇದ್ದ ಜಾಗವನ್ನೇ ಸುಡುತ್ತದೆ. ಕಾಯುವ ಹಾಗಿಲ್ಲ. ಮಗುವಿಗೆ ಮತ್ತು ಬರಿಸಿ, ಗಂಟಲಿನಿಂದ ನಳಿಕೆ ಇಳಿಸಿ ತೆಗೆಯಬೇಕು. ದೊಡ್ಡ ಡಾಕ್ಟರಿಗೆ ಹೇಳಿಕಳಿಸಿದ್ದರು. ಒಂದು ಗಂಟೆಯಲ್ಲಿ ಬರುತ್ತಾರೆ, ಅಷ್ಟರಲ್ಲಿ ಎಲ್ಲ ಸಿದ್ಧ ಮಾಡುತ್ತೇವೆ, ಮಗುವಿಗೆ ನೀರೂ ಕೊಡಬೇಡಿ ಎಂದರು. ಎಲ್ಲ ಕೇಳಿಸಿಕೊಂಡ ನನ್ನ ಮಗಳು ತೊಡೆಯ ಮೇಲೆ ಕೂತು "ಬಿಕ್ಕಿ ಕೊಡು" ಎಂದಳು. ಬಿಸ್ಕತ್ತು ಅವಳ ಬಾಯಲ್ಲಿ ಬಿಕ್ಕಿ. ಒಳಗೆ ಏನಿದೆಯೋ ಎಂದು ನಾನು ಸಾಯುತ್ತಿದ್ದರೆ ಇವಳಿಗೆ ಮೇಲೆ ಇನ್ನೂ ಜಾಗವಿತ್ತು.

ಸೆಲ್ಲೂ ನಾಣ್ಯವೂ ಒಂದೇ ಕೋಣೆಯಿಂದ, ಒಂದೇ ಬೆಳಿಗ್ಗೆ, ಒಬ್ಬರೇ ಮನುಷ್ಯರ ಕೈಯಿಂದ ಕಾಣೆಯಾಗಿದ್ದವು. ಆ ಮನುಷ್ಯರು ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನನ್ನ ಗಂಡನ ತಾಯಿಯ ಅಕ್ಕ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಹೋದದ್ದರಿಂದ ಗಂಡನನ್ನು ಸಾಕಿ ಬೆಳೆಸಿದವರು ಇವರೇ. ಸಾಕಿದ್ದು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯ ಸಂಬಳದಲ್ಲಿ. ನೆಲಮಾಳಿಗೆಯಲ್ಲಿ, ಹಂಡೆಯಷ್ಟು ದಪ್ಪದ ಯಂತ್ರಗಳ ನಡುವೆ, ಮೂವತ್ತೊಂದು ವರ್ಷ. ಮೇಲೆ ಪರದೇಶದವರು ಮಲಗುತ್ತಿದ್ದರು, ಕೆಳಗೆ ಅವರ ಪ್ಯಾಂಟುಗಳು ದೊಡ್ಡಮ್ಮನ ಮುಂದೆ ಬಂದು ಬೀಳುತ್ತಿದ್ದವು. ಬಟ್ಟೆ ಯಂತ್ರಕ್ಕೆ ಹೋಗುವ ಮೊದಲು ಜೇಬು ನೋಡುವ ಕೆಲಸ ಇವರದ್ದು. ಪೆನ್ನು ಉಳಿದರೆ ನಲವತ್ತು ಬಿಳಿ ಅಂಗಿ ನೀಲಿಯಾಗುತ್ತವೆ. ಹೀಗಾಗಿ ಕೈ ಚುರುಕಾದ ಒಬ್ಬರು ಈ ಕೆಲಸಕ್ಕೇ ಇರಬೇಕು. ಹೋಟೆಲಿನಲ್ಲಿ ಇವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಜೇಬಮ್ಮ. ಸಂಬಳದ ಚೀಟಿಯ ಮೇಲೆ ಬೇರೇನೋ ಇತ್ತಂತೆ, ಅದನ್ನು ಓದಿದರೆ ಇವರೇ ತಿರುಗಿ ನೋಡುತ್ತಿರಲಿಲ್ಲವಂತೆ.

ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಕೋಣೆಯ ಸಂಖ್ಯೆ ಬರೆದು ಲಕೋಟೆಗೆ ಹಾಕಬೇಕು. ಆರು ತಿಂಗಳು ಕಾಯಬೇಕು. ಯಾರೂ ಕೇಳದೆ ಇದ್ದರೆ ನೋಟು ಹೋಟೆಲಿಗೆ, ಚಿಲ್ಲರೆ ಹುಡುಕಿದವರಿಗೆ. ಇದು ದಯೆಯಿಂದ ಮಾಡಿದ ನಿಯಮವಲ್ಲ. ಪರದೇಶದ ನೋಟನ್ನು ಬದಲಿಸುವ ಅಂಗಡಿಯವರು ನಾಣ್ಯವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಹೋಟೆಲಿಗೆ ಅದು ಬೇಡ. ಉಳಿದ ಕೆಲಸದವರು ಒಂದೆರಡನ್ನು ಮಕ್ಕಳಿಗೆ ಕೊಟ್ಟು ಮಿಕ್ಕದ್ದನ್ನು ಎಸೆಯುತ್ತಿದ್ದರು. ಇವರು ಎಸೆಯಲಿಲ್ಲ. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ ತಂದರು. ಒಂದಾಯಿತು, ಎರಡಾಯಿತು, ನಾನು ಮದುವೆಯಾಗಿ ಬರುವ ಹೊತ್ತಿಗೆ ನಾಲ್ಕು.

ದೊಡ್ಡಮ್ಮನಿಗೆ ಪರದೇಶದ ಲಿಪಿ ಓದಲು ಬರುವುದಿಲ್ಲ. ಅದರಿಂದ ಏನೂ ನಷ್ಟವಾಗಲಿಲ್ಲ. ಓದಲು ಬರುವ ನನಗೆ ಎಲ್ಲ ನಾಣ್ಯಗಳೂ ಒಂದೇ ಥರ ಕಾಣುತ್ತವೆ. ಅವರಿಗೆ ಒಂದೊಂದಕ್ಕೂ ಒಂದೊಂದು ಹೆಸರಿದೆ. ತೂತಿನದು. ಹನ್ನೆರಡು ಮೂಲೆಯದು. ಹದ್ದು-ಹಾವು. ಒಂದೇ ರಾಣಿ ಹಲವು ದೇಶದ ನಾಣ್ಯಗಳ ಮೇಲೆ ಕೂತಿದ್ದಾಳಲ್ಲ, ಅವಳನ್ನು ಮುಖದ ವಯಸ್ಸಿನ ಮೇಲೆ ವಿಂಗಡಿಸಿದ್ದಾರೆ: ಹುಡುಗಿ ರಾಣಿ, ಸೊಸೆ ರಾಣಿ, ಅತ್ತೆ ರಾಣಿ, ಅಜ್ಜಿ ರಾಣಿ. ಯೂರೋಪಿನವು ಒಂದು ಕಡೆ ಎಲ್ಲಕ್ಕೂ ಒಂದೇ ನಕ್ಷೆ, ಬೆನ್ನು ಮಾತ್ರ ದೇಶಕ್ಕೊಂದು. "ಇವು ಓರಗಿತ್ತಿಯರ ಹಾಗೆ. ಎದುರಿಗೆ ಎಲ್ಲ ಒಂದೇ ನಗು, ಹಿಂದೆ ನೋಡಿದ್ರೆ ಗೊತ್ತಾಗೋದು ಯಾರ ಮನೆಯವಳು ಅಂತ," ಎನ್ನುತ್ತಾರೆ.

ನಾಣ್ಯ ಗುರುತಿಸುವ ವಿದ್ಯೆಯನ್ನೆಲ್ಲ ಅವರು ಬಟ್ಟೆಯಿಂದ ಕಲಿತದ್ದು. "ಬಟ್ಟೆಯ ಗುಣ ಅಂಚಲ್ಲಿ ಕಣೆ. ನಾಣ್ಯದ್ದೂ ಅಷ್ಟೆ." ಅಮೆರಿಕದ ಕಾಲು ಡಾಲರನ್ನು ನಿಲ್ಲಿಸಿ ಅಂಚು ತೋರಿಸುತ್ತಾರೆ. ಕಂದು ಗೆರೆ ಕಂಡರೆ ಒಳಗೆ ತಾಮ್ರ, ಬರೀ ಚಿಲ್ಲರೆ. ಗೆರೆಯಿಲ್ಲದೆ ಅಂಚೆಲ್ಲ ಬೆಳ್ಳಗಿದ್ದು ತೂಕವೂ ತುಸು ಹೆಚ್ಚಿದ್ದರೆ ಹಳೆಯದು, ಬೆಳ್ಳಿ. ಮೂವತ್ತೊಂದು ವರ್ಷದಲ್ಲಿ ಅಂಥದ್ದು ಒಂದೇ ಒಂದು ಸಿಕ್ಕಿತು. ಬೀರು ಬಾಗಿಲಿನಿಂದ ಕಿತ್ತ ಆಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಅಂಟದಿದ್ದರೆ ಮುಂದಿನ ವಿಚಾರಣೆ. ಮೇಜಿನ ಮೇಲೆ ಬಿಟ್ಟು ಸದ್ದು ಕೇಳಬೇಕು. ಕೊನೆಗೆ ತೂಕ. ಅದಕ್ಕಾಗಿ ಅಂಗೈಯಗಲದ ಒಂದು ತೂಕದ ಯಂತ್ರ ಕೊಂಡಿದ್ದರು. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ಜಪಾನಿನ ಒಂದು ಯೆನ್ ಇಡುತ್ತಾರೆ. ಅಲ್ಯೂಮಿನಿಯಂ, ಊದಿದರೆ ಹಾರುವ ಹಾಗಿದೆ, ಸರಿಯಾಗಿ ಒಂದು ಗ್ರಾಂ. "ಇದಕ್ಕಿಂತ ಸತ್ಯವಂತ ಈ ಮನೇಲಿ ಇಲ್ಲ," ಎಂದು ನನ್ನ ಗಂಡನ ಕಡೆ ನೋಡುತ್ತಾರೆ.

ಇಷ್ಟು ತಿಳಿದವರು ಒಂದು ತಪ್ಪು ಮಾಡಿದರು. ಅದನ್ನು ಲಾಂಡ್ರಿಯವರಲ್ಲದೆ ಇನ್ಯಾರೂ ಮಾಡಲಾರರು. ಪ್ರತಿಯೊಂದು ನಾಣ್ಯವನ್ನೂ ಒಗೆದರು. ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಹಾಗೆ. ಕೊಳೆ ಕಂಡರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಸೋಪಿನ ಪುಡಿ, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು. ಮೂವತ್ತೊಂದು ವರ್ಷದ ನಾಣ್ಯಗಳು ನಿನ್ನೆ ಅಚ್ಚು ಹಾಕಿದಂತೆ ಫಳಫಳ.

ಕೆಲಸದಿಂದ ನಿವೃತ್ತರಾದ ವರ್ಷ ನಾಲ್ಕೂ ಡಬ್ಬಿಗಳನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹಳೆ ನಾಣ್ಯಗಳ ವ್ಯಾಪಾರಿಯ ಅಂಗಡಿಗೆ ಹೋದರು. ನನ್ನ ಗಂಡನೂ ಜೊತೆಗಿದ್ದ. ಇವತ್ತಿಗೂ ಆ ಕಥೆಯನ್ನು ಅಭಿನಯಿಸಿ ತೋರಿಸುತ್ತಾನೆ. ವ್ಯಾಪಾರಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹುಟ್ಟಿದವನ ಹಾಗಿದ್ದ. ಅವನಿಗೊಂದು ಅಭ್ಯಾಸ, ನಾಣ್ಯವನ್ನು ಕಣ್ಣಿಂದ ನೋಡಿ ಆಮೇಲೆ ಮೂಗಿಗೆ ಹಿಡಿಯುವುದು. ಹಿಡಿದ. ಮುಖ ಕಿವುಚಿದ.

"ಅಜ್ಜೀ, ಇದೇನು, ಸೋಪಿನ ವಾಸನೆ?"

"ಒಗೆದಿದ್ದೀನಿ. ನಿಮಗೆ ಕೊಳಕು ತಂದು ಕೊಡ್ತೀನಾ?"

"ಎಲ್ಲಾನೂ?"

"ಎಲ್ಲಾನೂ. ಕೆಲವನ್ನ ಎರಡೆರಡು ಸಲ."

ಅವನು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟನಂತೆ, ಹೆಣ ನೋಡಿದವರು ಟೋಪಿ ತೆಗೆಯುವ ಹಾಗೆ. ಹಳೆಯ ನಾಣ್ಯಕ್ಕೆ ವರ್ಷಗಳು ಕೊಟ್ಟ ಬಣ್ಣವೇ ಬೆಲೆ, ಅದನ್ನು ತಿಕ್ಕಿ ತೆಗೆದರೆ ಕೊಳ್ಳುವವರಿಲ್ಲ ಎಂದ. ಅದೂ ಅಲ್ಲದೆ ಇವೆಲ್ಲ ಜನರ ಕೈಯಲ್ಲಿ ಓಡಾಡಿದ ಸಾಮಾನ್ಯ ಚಿಲ್ಲರೆ, ಒಗೆಯದಿದ್ದರೂ ದೊಡ್ಡ ಬೆಲೆಯೇನಿರಲಿಲ್ಲ, ಒಗೆದ ಮೇಲೆ ಕಿಲೋ ಲೆಕ್ಕ. ಬೆಳ್ಳಿಯದೊಂದನ್ನು ಬೇಕಾದರೆ ಬೆಳ್ಳಿಯ ತೂಕಕ್ಕೆ ತೆಗೆದುಕೊಳ್ಳುತ್ತೇನೆ ಎಂದ. ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳ ಕಡೆ ತಿರುಗಿ, "ಮುಂದಿನ ಸಲ ಇಸ್ತ್ರೀನೂ ಮಾಡ್ಕೊಂಡು ಬನ್ನಿ ಅಜ್ಜಿ," ಎಂದ.

ದೊಡ್ಡಮ್ಮ ಬೆಳ್ಳಿಯದನ್ನೂ ಕೊಡದೆ ಎದ್ದು ಬಂದರು. ಬೆಲೆ ಹೋದದ್ದಕ್ಕೆ ಅವರು ಒಂದು ದಿನವೂ ಮರುಗಲಿಲ್ಲ. ಆ ಇಸ್ತ್ರೀ ಮಾತನ್ನು ಮಾತ್ರ ಏಳು ವರ್ಷ ಸೆರಗಿನ ಗಂಟಿನ ಹಾಗೆ ಇಟ್ಟುಕೊಂಡರು.

ಇನ್ನು ನಾನು. ಮಗಳು ಅಂಬೆಗಾಲಿಡುವ ಮೊದಲೇ ನಾನು ಮನೆಯ ಚೂಪು ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದವಳು. ದ್ರಾಕ್ಷಿಯನ್ನು ನಾಲ್ಕು ಹೋಳು ಮಾಡಿ ಕೊಡುವವಳು. ಹನ್ನೊಂದು ಕಿಲೋ ನುಂಗಬಹುದಾದ ವಸ್ತು ಮನೆಯಲ್ಲಿರುವುದು ನನಗೆ ಹುಲಿಯ ಜೊತೆ ಸಂಸಾರ ಮಾಡಿದಂತೆ. "ದೊಡ್ಡಮ್ಮ, ಇವುಗಳನ್ನ ಕೊಟ್ಟುಬಿಡೋಣ," ಎಂದು ನೂರು ಸಲ ಹೇಳಿದ್ದೆ. "ಮಗು ಮಲಗಿದಾಗ ಮಾತ್ರ ತೆಗೀತೀನಿ ಬಿಡು," ಎಂದು ನೂರು ಸಲ ಹೇಳಿದ್ದರು.

ಅವತ್ತು ಬೆಳಿಗ್ಗೆಯೂ ಮಗು ಮಲಗಿದ್ದಾಗಲೇ ತೆಗೆದದ್ದು. ತಮ್ಮ ಕೋಣೆಯಲ್ಲಿ ಚಾದರ ಹಾಸಿ, ಒಂದು ಡಬ್ಬಿ ಬಿಚ್ಚಿ, ಸಾಲಾಗಿ ಇಟ್ಟು, ತೂಕದ ಯಂತ್ರ ಯಾಕೋ ಮಿಣಮಿಣ ಎನ್ನುತ್ತಿದೆಯೆಂದು ಅದರ ಸೆಲ್ ಬಿಚ್ಚಿದ್ದರು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ. ನಾನು ಸ್ನಾನಕ್ಕೆ ಹೋಗಿದ್ದೆ. ಅವರು ಎದ್ದು ಹೋಗಿ ಬರುವಷ್ಟರಲ್ಲಿ, ಮಲಗಿದ್ದ ಮಗು ಚಾದರದ ನಡುವೆ ಕೂತು ಎರಡೂ ಕೈಯಲ್ಲಿ ನಾಣ್ಯ ಹಿಡಿದು, ಬಾಯಿ ಮುಚ್ಚಿಕೊಂಡು ಮುಗುಳ್ನಗುತ್ತಿತ್ತು. ಬಾಯಿ ಬಿಡಿಸಿದರೆ ಒಳಗೆ ಏನೂ ಇಲ್ಲ. ಯಂತ್ರದ ಮುಚ್ಚಳ ಒಂದು ಕಡೆ, ಸೆಲ್ ಎಲ್ಲೂ ಇಲ್ಲ.

ನಾನು ತಲೆಗೆ ಸುತ್ತಿದ ಟವೆಲಿನಲ್ಲೇ ಮಗುವನ್ನು ಎತ್ತಿಕೊಂಡು ಹೊರಟೆ. ಹೊರಡುವಾಗ ಬಾಯಿಗೆ ಬಂದದ್ದು ಅಂದೆ. "ನಿಮ್ಮ ಕವಡೆ ಕಾಸಿನ ಕಿಮ್ಮತ್ತಿಲ್ಲದ ಡಬ್ಬಿಗೆ ನನ್ನ ಮಗೂನ ಕೊಟ್ರಲ್ಲ! ನಾನು ವಾಪಸ್ ಬರೋದ್ರೊಳಗೆ ಅವು ಈ ಮನೇಲಿ ಇರಕೂಡದು!" ದೊಡ್ಡಮ್ಮ ಆಗಲೇ ಮಂಡಿಯೂರಿ ಚಾದರದ ಮೇಲೆ ಬಗ್ಗಿದ್ದರು.

ಈಗ ಆಸ್ಪತ್ರೆ. ಗಂಡ ಕಚೇರಿಯಿಂದ ಓಡಿ ಬಂದ. ಪರದೆಯನ್ನು ನೋಡಿದ. ಮಗಳ ಹೊಟ್ಟೆಯಲ್ಲಿ ಬಿಲ್ಲೆ ನೋಡಿದ ತಂದೆಯ ಮೊದಲ ಮಾತು: "ಯಾವ ದೇಶದ್ದು?"

ಆ ಮನೆಯಲ್ಲಿ ಬೆಳೆದವರೆಲ್ಲ ಹೀಗೇ. ನಾನು ಅವನನ್ನು ಹೊಡೆಯುವುದೊಂದು ಬಾಕಿ.

ದೊಡ್ಡ ಡಾಕ್ಟರು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಕಾರಿಡಾರಿನ ಆ ತುದಿಯಿಂದ ಝಣ್ ಝಣ್ ಎಂಬ ಸದ್ದು ಬಂತು. ದೊಡ್ಡಮ್ಮ. ಕಂಕುಳಲ್ಲಿ ತಗಡಿನ ಡಬ್ಬಿ. ನರ್ಸ್ ಅಡ್ಡ ಬಂದರೆ ಕೊಳಕು ಬೆಡ್‌ಶೀಟನ್ನು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿ ನೇರ ಡಾಕ್ಟರ ಮುಂದೆ ನಿಂತರು.

"ಡಾಕ್ಟ್ರೇ, ಹದ್ದು-ಹಾವು ಒಂದು ಕಮ್ಮಿ ಇದೆ."

ಡಾಕ್ಟರು ನನ್ನ ಮುಖ ನೋಡಿದರು. ಇವರನ್ನು ಯಾವ ವಾರ್ಡಿಗೆ ಕಳಿಸಬೇಕು ಎಂದು ಕೇಳುವ ಹಾಗಿತ್ತು ಆ ನೋಟ.

"ಮೆಕ್ಸಿಕೊದ್ದು," ಎಂದ ಗಂಡ. "ಒಂದು ಪೆಸೊ."

"ಆ ಡಬ್ಬೀಲಿ ಅದು ಮೂರಿತ್ತು," ಎಂದರು ದೊಡ್ಡಮ್ಮ. "ಸಾಲಲ್ಲಿ ನಾನೇ ಇಟ್ಟಿದ್ದು. ಈಗ ಎರಡಿದೆ. ಉಳಿದಿದ್ದೆಲ್ಲ ಲೆಕ್ಕಕ್ಕೆ ಸರಿಯಿದೆ, ಎರಡು ಸಲ ನೋಡಿದೆ. ನೋಡಿ, ಹೊರಗೆ ಬೆಳ್ಳನೆ ಬಳೆ, ಒಳಗೆ ಹಳದಿ ಬಿಲ್ಲೆ. ಎರಡು ಲೋಹ ಒತ್ತಿ ಕೂರಿಸಿರ್ತಾರೆ. ಚಿತ್ರದಲ್ಲಿ ಎರಡು ಸುತ್ತು ಕಾಣ್ತಿದೆ ಅಂತ ಇವನು ಫೋನಲ್ಲಿ ಹೇಳ್ದ, ಅದು ಇದೇ."

ಡಾಕ್ಟರು ಒಂದನ್ನು ಕೈಗೆ ತೆಗೆದುಕೊಂಡರು. "ಇರಬಹುದು ಅಜ್ಜಿ. ಆದ್ರೆ ಸೆಲ್ಲೂ ಹೆಚ್ಚು ಕಮ್ಮಿ ಇದೇ ಅಳತೆ. ಸೆಲ್ಲೂ ಸಿಕ್ಕಿಲ್ಲ ಅಲ್ವಾ?"

ಅಲ್ಲಿಯವರೆಗೆ ಸೆಟೆದು ನಿಂತಿದ್ದ ದೊಡ್ಡಮ್ಮ ಒಂದು ಅಂಗುಲ ಕುಗ್ಗಿದರು. "ಇಲ್ಲ. ಮಂಚದ ಕೆಳಗೂ ನೋಡಿದೆ."

"ಮತ್ತೆ ನಾನು ಏನಂತ ನಂಬಲಿ?"

"ನನ್ನನ್ನ ಯಾಕೆ ನಂಬ್ತೀರಿ? ಇದರ ಅಕ್ಕ-ತಂಗೀರು ಇಲ್ಲೇ ಇದ್ದಾರಲ್ಲ. ಇವರದ್ದೂ ಒಂದು ಫೋಟೋ ತೆಗೀರಿ. ಪಕ್ಕ ಪಕ್ಕ ಇಟ್ಟು ನೋಡಿ."

ಎಕ್ಸ್-ರೇ ತೆಗೆಯುವವನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ಅಮ್ಮಾ, ಇದು ಫೋಟೋ ಸ್ಟುಡಿಯೋ ಅಲ್ಲ. ರೋಗಿ ಇರಬೇಕು. ಚೀಟಿ ಇರಬೇಕು. ಚೀಟೀಲಿ ಹೆಸರು, ವಯಸ್ಸು ಇರಬೇಕು."

"ಬರಕೋ. ವಯಸ್ಸು ನಾಣ್ಯದ ಮೇಲೇ ಇದೆ. ಹುಟ್ಟಿದ ವರ್ಷ ಇಷ್ಟು ಸ್ಪಷ್ಟವಾಗಿ ನಿನ್ನ ಯಾವ ರೋಗೀನೂ ಹೇಳಿರಲ್ಲ."

ಎಳೆಯ ಡಾಕ್ಟರು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಯೋಚಿಸಿದರು. ಆ ಯೋಚನೆಯನ್ನು ಅವರ ಮುಖದ ಮೇಲೆ ನಾನು ಅಕ್ಷರ ಅಕ್ಷರವಾಗಿ ಓದಿದೆ. "ಹೇಗೂ ಮಗುವಿಗೆ ಪಕ್ಕದಿಂದ ಇನ್ನೊಂದು ತೆಗೀಬೇಕಿತ್ತು," ಎಂದರು. "ಸೆಲ್ ಆದ್ರೆ ಪಕ್ಕದಿಂದ ನೋಡಿದಾಗ ಅಂಚಲ್ಲಿ ಸಣ್ಣ ಮೆಟ್ಟಿಲಿನ ಹಾಗೆ ಕಾಣುತ್ತೆ. ನಾಣ್ಯಕ್ಕೆ ಹಾಗಿರಲ್ಲ. ಅದರ ಜೊತೆ ಇದನ್ನೂ ತೆಗೆಯೋಣ. ಆಪರೇಷನ್ ಕೋಣೆ ಸಿದ್ಧವಾಗೇ ಇರಲಿ. ತಯಾರಿ ನಿಲ್ಲಿಸೋದು ಬೇಡ."

"ನಾನು ಹೇಳಲಿಲ್ವಾ?" ಎಂದರು ದೊಡ್ಡಮ್ಮ, ಯಾರಿಗೆಂದಿಲ್ಲದೆ. "ಗುಣ ಅಂಚಲ್ಲಿ."

ನನ್ನ ಮಗಳನ್ನು ಒಳಗೆ ಪಕ್ಕಕ್ಕೆ ತಿರುಗಿಸಿ ಮಲಗಿಸಿದರು. ಅವಳು ಯಂತ್ರಕ್ಕೂ "ಬಿಕ್ಕಿ ಕೊಡು" ಎಂದಳು. ಅವಳ ಸರದಿ ಮುಗಿದ ಮೇಲೆ ಒಂದು ಪೆಸೊ ಮಲಗಿತು. ಮೊದಲು ಅಂಗಾತ, ಆಮೇಲೆ ಹತ್ತಿಯ ತುಂಡಿಗೆ ಒರಗಿ ಪಕ್ಕಕ್ಕೆ. ಎಕ್ಸ್-ರೇಯವನು ಅದಕ್ಕೂ ಅಭ್ಯಾಸಬಲದಿಂದ "ಉಸಿರು ಹಿಡ್ಕೊಳ್ಳಿ" ಎಂದ.

ಉಸಿರು ಹಿಡಿದವಳು ನಾನು.

ಪರದೆಯ ಮೇಲೆ ಎರಡು ಚಿತ್ರ ಬಂದವು. ಎಡಗಡೆ ಮಗಳ ಹೊಟ್ಟೆಯದು, ಬಲಗಡೆ ಮೇಜಿನ ಮೇಲಿನದು. ಎರಡರಲ್ಲೂ ಬಳೆಯೊಳಗೆ ಬಳೆ. ಎರಡರಲ್ಲೂ ಒಳಸುತ್ತು ಹೊರಸುತ್ತಿನಿಂದ ಅಷ್ಟೇ ದೂರ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎರಡೂ ಗೆರೆ ಎಳೆದಂತೆ ಚಪ್ಪಟೆ, ಮೆಟ್ಟಿಲಿಲ್ಲ. ಡಾಕ್ಟರು ಅಳೆದರು. ದೊಡ್ಡ ಡಾಕ್ಟರು ಬಂದರು, ಅವರೂ ಅಳೆದರು. ಅವರು ಕನ್ನಡಕ ಹಾಕಿಕೊಳ್ಳುವವರಲ್ಲವಾದ್ದರಿಂದ ನನಗೆ ಏನೂ ತಿಳಿಯಲಿಲ್ಲ. ಅವರು ದೊಡ್ಡಮ್ಮನ ಕಡೆ ತಿರುಗಿದರು.

"ನೀವು ಹೇಳಿದ್ರಿ ಅಂತ ಬಿಡ್ತಿಲ್ಲ ಅಮ್ಮ. ಚಿತ್ರ ಹೇಳಿದ್ದಕ್ಕೆ ಬಿಡ್ತಿದ್ದೀನಿ. ಇದು ನಾಣ್ಯ. ಸಂಜೆವರೆಗೆ ಇಲ್ಲೇ ಇರಿ, ಇನ್ನೊಂದು ಎಕ್ಸ್-ರೇ ನೋಡಿ ಕಳಿಸ್ತೀನಿ. ಹೊಟ್ಟೆನೋವು, ವಾಂತಿ, ಜ್ವರ ಏನೇ ಬಂದ್ರೂ ಆ ಕ್ಷಣ ವಾಪಸ್ ಕರ್ಕೊಂಡು ಬನ್ನಿ."

ನಾನು ಅಲ್ಲೇ ಕುಸಿದು ಕೂತು ಅತ್ತೆ. ಟವೆಲು ಇನ್ನೂ ತಲೆಯ ಮೇಲೇ ಇತ್ತು ಎನ್ನುವುದು ಆಗ ಗೊತ್ತಾಯಿತು. ದೊಡ್ಡಮ್ಮ ಅದನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಡಬ್ಬಿಯ ಮೇಲಿಟ್ಟುಕೊಂಡರು. ಡಬ್ಬಿಯನ್ನು ಮನೆಯಿಂದ ಹೊರಹಾಕಿ ಎಂದದ್ದು ನೆನಪಾಯಿತು. ಅವರಿಗೂ ನೆನಪಿತ್ತು. "ಹೊರಗೆ ಹಾಕು ಅಂದಿದ್ದೆ," ಎಂದರು, ಡಬ್ಬಿ ತಟ್ಟುತ್ತ. "ಹೊರಗೆ ತಂದಿದ್ದೀನಿ ನೋಡು."

ಸಂಜೆಯ ಚಿತ್ರದಲ್ಲಿ ಪೆಸೊ ಹೊಟ್ಟೆ ದಾಟಿ ಕೆಳಗೆ ಹೊರಟಿತ್ತು. ನಮ್ಮನ್ನು ಮನೆಗೆ ಕಳಿಸಿದರು. ಮನೆಗೆ ಬಂದವಳು ಮೊದಲು ಮಾಡಿದ್ದು ಸೆಲ್ ಹುಡುಕುವ ಕೆಲಸ. ಹೊಟ್ಟೆಯಲ್ಲಿಲ್ಲ ಸರಿ, ಹಾಗಾದರೆ ಎಲ್ಲಿದೆ? ನಾಳೆ ಇವಳ ಕೈಗೆ ಸಿಕ್ಕರೆ? ಗಂಡ, ನಾನು, ದೊಡ್ಡಮ್ಮ ಮೂವರೂ ನೆಲದ ಮೇಲೆ ಹರಿದಾಡಿದೆವು. ಮಗಳು ಇದು ತನಗಾಗಿ ಹೂಡಿದ ಆಟವೆಂದುಕೊಂಡು ಗಂಡನ ಬೆನ್ನೇರಿದಳು.

ಕೊನೆಗೆ ಸೋತು, ದೊಡ್ಡಮ್ಮ ಬೆಳಗಿನ ಬಟ್ಟೆ ಒಗೆಯಲು ಹಾಕಿದರು. ಚಿಂತೆಯಾದಾಗ ಅವರು ಬಟ್ಟೆ ಒಗೆಯುತ್ತಾರೆ. ಯಂತ್ರ ತಿರುಗಿತು. ನಾಲ್ಕನೆಯ ಸುತ್ತಿಗೆ ಒಳಗಿನಿಂದ ಟಣ್ ಎಂದಿತು.

ಅವರು ಕಿವಿ ನಿಮಿರಿಸಿದರು. ಇನ್ನೊಂದು ಟಣ್. "ಗುಂಡಿಯಲ್ಲ. ಕೀಲಿಯಲ್ಲ," ಎಂದರು ಮೆಲ್ಲಗೆ. "ನಾಣ್ಯವೂ ಅಲ್ಲ." ಅಷ್ಟು ಹೇಳಿ ಯಂತ್ರ ನಿಲ್ಲಿಸಿದರು. ಬೆಳಿಗ್ಗೆ ತಾವು ತೊಟ್ಟಿದ್ದ ನೈಟಿಯ ಜೇಬಿಗೆ ಕೈ ಹಾಕಿದರು. ಸೆಲ್. ಗ್ಯಾಸಿನವನು ಬಾಗಿಲು ಬಡಿದಾಗ ಮಗು ಮುಟ್ಟದಿರಲಿ ಎಂದು ತಾವೇ ಜೇಬಿಗೆ ಹಾಕಿಕೊಂಡು ಮರೆತಿದ್ದರು.

ಅದುವರೆಗೆ ದೊಡ್ಡಮ್ಮನ ಮುಖದಲ್ಲಿ ನಾಚಿಕೆಯನ್ನು ನಾನು ನೋಡಿರಲಿಲ್ಲ. ಮೂವತ್ತೊಂದು ವರ್ಷ ಊರ ಜೇಬುಗಳನ್ನೆಲ್ಲ ನೋಡಿದವರು ತಮ್ಮ ಜೇಬು ನೋಡಿರಲಿಲ್ಲ. "ಹೋಟೆಲಲ್ಲಿ ಯಾರಿಗೂ ಹೇಳಬೇಡ," ಎಂದರು. ಹೋಟೆಲಿನಲ್ಲಿ ನನಗೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಆದರೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಸೆಲ್ಲನ್ನು ಅವತ್ತೇ ಮನೆಯಿಂದ ಸಾಗಹಾಕಿದೆ. ತೂಕದ ಯಂತ್ರಕ್ಕೂ ಅದೇ ಗತಿ.

ಆಮೇಲಿನ ಮೂರು ದಿನಗಳ ವಿಷಯವನ್ನು ಮರ್ಯಾದಸ್ಥರು ಬರೆಯುವುದಿಲ್ಲ. ನಾನು ಸ್ವಲ್ಪ ಬರೆಯುತ್ತೇನೆ. ನಾಣ್ಯ ಹೊರಗೆ ಬಂತೋ ಇಲ್ಲವೋ ನೋಡಿ ಖಚಿತ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ನನ್ನ ಮಗಳು ಪ್ಲಾಸ್ಟಿಕ್ ಪಾಟಿ ಕುರ್ಚಿಯ ಮೇಲೆ ಸಿಂಹಾಸನವೇರಿದಂತೆ ಕೂರುತ್ತಿದ್ದಳು. ಎದುರಿಗೆ ನಾವು ಮೂವರು ಆಸ್ಥಾನಿಕರು. ಮುಗಿದ ಮೇಲೆ ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದರೆ, ದೊಡ್ಡಮ್ಮ ಕೈಗವಸು ಹಾಕಿಕೊಂಡು ಕೂರುತ್ತಿದ್ದರು. "ಪರದೇಶದವರ ಜೇಬಲ್ಲಿ ಇದಕ್ಕಿಂತ ಕೊಳಕು ನೋಡಿದ್ದೀನಿ ಬಿಡು," ಎನ್ನುತ್ತಿದ್ದರು. ಮೊದಲ ದಿನ ಇಲ್ಲ. ಎರಡನೆಯ ದಿನ ಇಲ್ಲ. ನಾನು ಡಾಕ್ಟರಿಗೆ ಆರು ಸಲ ಫೋನು ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಪಾಟಿಯ ತಳದಲ್ಲಿ ಟಣ್ ಎಂದಿತು.

"ಹದ್ದು-ಹಾವು!" ಎಂದು ದೊಡ್ಡಮ್ಮ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಅವರು ಅದನ್ನು ಮೂರು ನೀರಿನಲ್ಲಿ ತೊಳೆದರು. ಅವರು ಮಲಗಿದ ಮೇಲೆ ನಾನು ಇಪ್ಪತ್ತು ನಿಮಿಷ ಕುದಿಸಿದೆ. ಆದರೂ ಅದು ಅಕ್ಕ-ತಂಗಿಯರ ಹಾಗೆ ಹೊಳೆಯಲಿಲ್ಲ. ನಡುವಿನ ಹಳದಿ ಬಿಲ್ಲೆ ಕಂದುಗಟ್ಟಿತ್ತು, ಸುತ್ತಲಿನ ಬಳೆಗೆ ಮೋಡದ ಬಣ್ಣ ಬಂದಿತ್ತು. ನೂರು ವರ್ಷ ನೆಲದಡಿ ಮಲಗಿದ್ದ ಹಾಗೆ.

ದೊಡ್ಡಮ್ಮ ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. ಮರುದಿನ ಒಳ್ಳೆಯ ಬಟ್ಟೆ ಉಟ್ಟು, "ನಡಿ, ಆ ಭೂತಗನ್ನಡಿಯವನ ಅಂಗಡಿಗೆ ಹೋಗಿಬರೋಣ," ಎಂದರು.

ವ್ಯಾಪಾರಿ ಅವರನ್ನು ಮರೆತಿರಲಿಲ್ಲ. "ಏನಜ್ಜಿ, ಇಸ್ತ್ರೀ ಮಾಡ್ಕೊಂಡು ಬಂದ್ರಾ?"

"ಒಂದೇ ಒಂದು ತಂದಿದ್ದೀನಿ. ನೋಡಿ ಬೆಲೆ ಹೇಳಿ."

ಅವನು ಭೂತಗನ್ನಡಿ ಸಿಕ್ಕಿಸಿಕೊಂಡ. ಹುಬ್ಬು ಮೇಲೇರಿತು. "ಮೆಕ್ಸಿಕೊ, ಒಂದು ಪೆಸೊ. ನಾಣ್ಯ ಸಾಮಾನ್ಯ, ಒಂದು ಬೆಂಕಿಪೊಟ್ಟಣದ ಬೆಲೆ ಬರಲ್ಲ. ಆದ್ರೆ ಈ ಬಣ್ಣ ನೋಡಿ! ಇದೇ ನಾನು ಹೇಳಿದ್ದು ಅವತ್ತು. ಇದನ್ನ ನೀವು ಒಗೆದಿಲ್ಲ."

"ಹೇಗೆ ಗೊತ್ತಾಯ್ತು?" ಎಂದರು ದೊಡ್ಡಮ್ಮ, ಮುಖದಲ್ಲಿ ಒಂದು ಗೆರೆ ಅಲುಗದೆ.

ಅವನು ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡ. ನಾನು ಮಗಳ ಕೂದಲಿನಲ್ಲಿ ಮುಖ ಮುಚ್ಚಿಕೊಂಡೆ. "ಸೋಪಿನ ವಾಸನೆಯೇ ಇಲ್ಲ. ಶುದ್ಧ ಲೋಹ. ಇಂಥ ಬಣ್ಣ ವರ್ಷಗಟ್ಟಲೆ ಮಣ್ಣಲ್ಲಿದ್ರೆ ಬರುತ್ತೆ ಅಜ್ಜಿ."

"ಮೂರೇ ದಿನಕ್ಕೆ ಬಂತು."

"ಮೂರು ದಿನಕ್ಕೆ? ಎಲ್ಲಿಟ್ಟಿದ್ರಿ?"

ದೊಡ್ಡಮ್ಮ ನನ್ನ ತೋಳಿನಲ್ಲಿದ್ದ ಮಗಳನ್ನು ತೋರಿಸಿದರು. ಎಲ್ಲಿಂದ ಒಳಗೆ ಹೋಯಿತು ಎಂದು ಬೆರಳಿಟ್ಟು ತೋರಿಸಿದರು. ಎಲ್ಲಿಂದ ಹೊರಗೆ ಬಂತು ಎಂದೂ ತೋರಿಸಿದರು. ಮಗಳಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು.

ವ್ಯಾಪಾರಿ ಹಿತ್ತಲಿನ ನಲ್ಲಿಗೆ ಓಡಿದ. ನೀರು ಬಿಟ್ಟ ಸದ್ದು, ಸೋಪಿನ ಡಬ್ಬಿ ಬಿದ್ದ ಸದ್ದು, ಮುಖ ಉಜ್ಜಿಕೊಳ್ಳುವ ಸದ್ದು. ಕೊನೆಗೆ ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದ. ಇನ್ನೊಂದು ಕೈಯಲ್ಲಿ ನಾಣ್ಯ. ನೊರೆ ಇನ್ನೂ ಅದರ ಅಂಚಿಗೆ ಅಂಟಿತ್ತು.

ದೊಡ್ಡಮ್ಮ ಎದ್ದು ಅದನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡು, ತಿರುಗಿಸಿ ನೋಡಿ, ಮರುಕದಿಂದ ತಲೆಯಾಡಿಸಿದರು.

"ಒಗೆದುಬಿಟ್ರಾ? ಹಾಗಾದ್ರೆ ಬೆಲೆ ಹೋಯ್ತು ಬಿಡಿ."